ತಾಜಬೀಯ ಹೆಬ್ಬೆರಳು

ಗಂಗಾವತಿಯ ಹೆಂಗಸರ ಕೊರಳಿಗೆ ಬಂಗಾರ ಬಂದದ್ದು ಕಾಲುವೆಗೆ ನೀರು ಬಂದ ಮೇಲೆ. ಭತ್ತ ಬೆಳೆದವರೂ ಮಾಡಿಸಿಕೊಂಡರು, ಭತ್ತ ಮಾರಿದವರೂ ಮಾಡಿಸಿಕೊಂಡರು. ಮಾಡಿಕೊಟ್ಟವರು ಅಕ್ಕಸಾಲಿಗ ಪತ್ತಾರರು ಎಂದು ಊರಿಗೆಲ್ಲ ಗೊತ್ತು. ಆದರೆ ಬಂಗಾರದ ಗುಂಡು, ಹವಳ, ಕರಿಮಣಿ ತಾವಾಗಿಯೇ ಕೊರಳಿಗೆ ಹತ್ತಿ ಕೂಡುವುದಿಲ್ಲವಲ್ಲ. ಅವನ್ನು ರೇಷ್ಮೆ ದಾರದಲ್ಲಿ ಪೋಣಿಸಿ, ನಡುನಡುವೆ ಗಂಟು ಹಾಕಿ, ತುದಿಗೆ ಗೊಂಡೆ ಕಟ್ಟುವವರು ಬೇರೆಯೇ ಜನ. ಅವರಿಗೆ ಪಟವೇಗಾರರು ಅನ್ನುತ್ತಾರೆ. ಹೂವಿನ ಸಂಗಡ ನಾರೂ ಸ್ವರ್ಗಕ್ಕೆ ಹೋಯಿತು ಎಂದು ಗಾದೆ ಮಾಡಿದ ಜನ, ಆ ನಾರು ಹೊಸೆದವರು ಯಾರಪ್ಪಾ ಎಂದು ಕೇಳಲಿಲ್ಲ.

ತಾಜಬೀ ಆ ನಾರು ಹೊಸೆಯುವವಳು. ಅವಳ ತಂದೆ ನೂರಸಾಬ, ಮೋನಪ್ಪ ಪತ್ತಾರರ ಅಂಗಡಿಯಲ್ಲಿ, ಗಿರಾಕಿ ಕೂಡುವ ಗಾದಿಯ ಹಿಂದೆ ಇಳಿಬಿಟ್ಟ ಪರದೆಯ ಆಚೆ ಚಾಪೆ ಹಾಸಿಕೊಂಡು ಕೂತು ಮುಪ್ಪಾದ. ಗಂಡುಮಕ್ಕಳಿರಲಿಲ್ಲ. ಇದ್ದೊಬ್ಬ ಮಗಳಿಗೆ ಕಸುಬು ಕಲಿಸಿ ಕಣ್ಣು ಮುಚ್ಚಿದ. ಲಾರಿಯ ಕೆಲಸಕ್ಕೆಂದು ಹೋದ ಗಂಡ ತಿರುಗಿ ಬರದೇಹೋದ ಮೇಲೆ ತಾಜಬೀ ಅದೇ ಚಾಪೆಯ ಮೇಲೆ ಕೂತಳು. ಪರದೆ ಯಾಕೆ ಎಂದು ಅಪ್ಪನೂ ಕೇಳಿರಲಿಲ್ಲ, ಅವಳೂ ಕೇಳಲಿಲ್ಲ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಕಾರಟಗಿಯ ಹೆಣ್ಣುಮಗಳೊಬ್ಬಳು ಅಂಗಡಿಗೆ ಬಂದು ತನ್ನ ಸರವನ್ನು ಹಿಡಿದು, "ಈ ಗೊಂಡೆ ಕಟ್ಟಿದವರು ಯಾರ್ರಿ? ನಮ್ಮ ಅವ್ವಂದೂ ಅವರ ಕೈಲೇ ಮಾಡಸ್ಬೇಕ್ರಿ" ಎಂದಳು.

"ಮತ್ಯಾರ್ರಿ, ನಮ್ಮ ಕೈಯಾಗಿನ ಕೆಲಸ ಇದು" ಎಂದ ಮೋನಪ್ಪ, ಮೀಸೆ ತೀಡುತ್ತ.

ಪರದೆಯ ಹಿಂದೆ ತಾಜಬೀಯ ಕೈ ನಿಂತಿತು. ಇಂಥ ಮಾತು ಅವಳು ಮೊದಲೂ ಕೇಳಿದ್ದಳು. ಆದರೆ ತಾಳ್ಮೆ ಮುಗಿಯಲಿಕ್ಕೂ ಒಂದು ದಿನ ಬರುತ್ತದೆ. ಪರದೆ ಸರಿಸಿ ತಲೆ ಹೊರಗೆ ಹಾಕಿ, "ನಾನ್ರಿ ಅವ್ವಾರ ಕಟ್ಟಿದ್ದು" ಎಂದುಬಿಟ್ಟಳು.

ಗಿರಾಕಿ ಹೋದ ಮೇಲೆ ಮೋನಪ್ಪ ಕೆಂಡವಾದ. "ಪರದಿ ಸರಸು ಅಂತ ನಿನಗ ಹೇಳಿದವರು ಯಾರು? ಅಂಗಡಿ ನಂದು, ಹೆಸರೂ ನಂದ."

"ಹೆಸರು ನಿಮ್ಮದ ಇರ್ಲಿ ತಗೋರಿ ಪತ್ತಾರ. ಕೈ ನಂದೈತಿ, ಅದನ್ನ ಒಯ್ತೀನಿ" ಎಂದು ತಾಜಬೀ ಸೂಜಿ, ಮೇಣ, ದಾರದ ಉಂಡೆ ಸೆರಗಿಗೆ ಕಟ್ಟಿಕೊಂಡಳು.

ಮೋನಪ್ಪ ನಕ್ಕ. "ಹೋಗು. ಬಂಗಾರ ಯಾರು ಕೊಡ್ತಾರ ನಿನ್ನ ಕೈಗೆ? ಮಳಿಗಾಲ ಮುಗಿಯೂದ್ರಾಗ ಬರ್ತಿ. ಚಾಪಿ ಹಂಗ ಇಟ್ಟಿರ್ತೀನಿ."

ಆ ಕೊನೆಯ ಮಾತೇ ಅವಳನ್ನು ಬಹಳ ಚುಚ್ಚಿತು. ಏನಾದರೂ ಆಗಲಿ, ಆ ಚಾಪೆಗೆ ಮಾತ್ರ ತಿರುಗಿ ಹೋಗುವುದಿಲ್ಲ ಎಂದು ಹಲ್ಲು ಕಚ್ಚಿದಳು.

ಹಲ್ಲು ಕಚ್ಚಿದರೆ ಹೊಟ್ಟೆ ತುಂಬುತ್ತದೆಯೇ? ಮುನಿರಾಬಾದಿಗೆ ಬಸ್ಸು ಹತ್ತಿ ಡ್ಯಾಮಿನ ಕಾಲೋನಿಯ ಮನೆಮನೆ ತಿರುಗಿದಳು. ನೌಕರರ ಹೆಂಡಂದಿರು ಗಾಜಿನ ಮಣಿ, ಮುತ್ತಿನಂಥ ಮಣಿ ಕೊಟ್ಟರು. ಬಂಗಾರ ಒಬ್ಬರೂ ಕೊಡಲಿಲ್ಲ. ಹಿಟ್ನಾಳದಲ್ಲಿ ಒಬ್ಬಾಕೆ ಬಂಗಾರದ ನೀರು ಹಿಡಿಸಿದ ಗಿಲೀಟಿನ ಸರ ಕೊಟ್ಟು, ಅದರ ಮೇಲೂ ಕಣ್ಣಿಟ್ಟು ಕಾದಳು. ಅದನ್ನು ನೋಡಿಯೇ ತಾಜಬೀಗೆ ಹೊಳೆಯಿತು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಆಡಿಕೊಳ್ಳುವ ಜನಕ್ಕೆ, ಬಂಗಾರ ಕಣ್ಣ ಮುಂದೆಯೇ ಇರುತ್ತದೆ ಎಂದರೆ ಸಾಕಲ್ಲ! ಅಂದಿನಿಂದ ಹೋದಲ್ಲೆಲ್ಲ ಅದನ್ನೇ ಹೇಳಿದಳು: "ನಾ ನಿಮ್ಮ ಮನಿಗೇ ಬರ್ತೀನ್ರಿ. ನಿಮ್ಮ ಬಂಗಾರ ನಿಮ್ಮ ಕಣ್ಮುಂದ."

ಮನೆಯಲ್ಲಿ ಮುದುಕಿ ತಾಯಿ ಹಮೀದಾಬಿ ದಿನಾ ಒಂದೇ ರಾಗ ಎಳೆಯುತ್ತಿದ್ದಳು: "ಪತ್ತಾರರ ಕಾಲು ಹಿಡಿ ಮಗಳ. ಹಟ ಉಣ್ಣಾಕ ಬರ್ತದೇನು?" ತಾಜಬೀ ದಾರಕ್ಕೆ ಮೇಣ ತಿಕ್ಕುತ್ತ ಕೂಡುತ್ತಿದ್ದಳು.

ಮಳೆಗಾಲ ಮುಗಿದು ಮದುವೆಯ ದಿನಗಳು ಬಂದಾಗ ಅಕ್ಕಿ ವ್ಯಾಪಾರಿ ಗಾದಿಲಿಂಗಪ್ಪನವರ ಮನೆಯಿಂದ ಕರೆ ಬಂತು. ಅವರ ಮಗನ ಮದುವೆ. ತಾಳಿಯನ್ನು ಮೋನಪ್ಪನೇ ಮಾಡಿದ್ದ. ಆದರೆ ಪೋಣಿಸಲು ಹೊಸಪೇಟೆಯಿಂದ ಅವನು ಕರೆತಂದ ಹೊಸಬನ ದಾರ ಸಡಿಲವಾಗಿ, ಮನೆಗೆ ತಂದ ದಿನವೇ ಗುಂಡುಗಳು ಪಡಸಾಲೆಯ ತುಂಬ ಉರುಳಾಡಿದ್ದವು. ಮನೆಯೊಡತಿ ಶೇಖರಮ್ಮನ ಬಾಯಿ ಬಜಾರದಲ್ಲೆಲ್ಲ ಹೆಸರುವಾಸಿ. "ತಾಳಿ ಹರಿಯೂದಂದ್ರ ಏನು ಅಪಶಕುನ! ಆ ಅಂಗಡಿ ಮೆಟ್ಟಲ ಹತ್ತೂದಿಲ್ಲ. ತಾಜಬೀನ್ನ ಕರಸ್ರಿ. ನನ್ನ ಕಣ್ಣ ಮುಂದ ಕುಂತು ಪೋಣಸ್ಲಿ" ಎಂದಿದ್ದಳು.

ಈ ಒಂದು ತಾಳಿ ಛಲೋ ಆದರೆ ಊರಿನ ಮುತ್ತೈದೆಯರೆಲ್ಲ ತನ್ನ ಮುಂದೆ ಬಂದು ಕೂಡುತ್ತಾರೆ. ಕೆಟ್ಟರೆ ಮೋನಪ್ಪನ ಚಾಪೆಯೇ ಗತಿ. ಅದು ತಾಜಬೀಗೆ ಚೆನ್ನಾಗಿ ಗೊತ್ತಿತ್ತು.

ಪಡಸಾಲೆಯಲ್ಲಿ ಓಣಿಯ ಹೆಂಗಸರು ಮದುವೆಯ ಅಕ್ಕಿ ಹಸನು ಮಾಡುತ್ತಿದ್ದರು. ತಾಜಬೀ ಬಿಳಿ ಅರಿವೆ ಹಾಸಿದಳು. ಶೇಖರಮ್ಮ ಬಂಗಾರವನ್ನೆಲ್ಲ ಅದರ ಮೇಲೆ ಇಟ್ಟು, ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತಳು. ತಾಜಬೀ ದಾರ ಹೊಸೆದಳು, ಮೇಣ ಸವರಿದಳು, ಬಲಗಾಲು ಚಾಚಿ ದಾರದ ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ ಎಳೆದಳು. ಅಪ್ಪ ಮಾಡುತ್ತಿದ್ದುದೂ ಹಾಗೆಯೇ, ಅವನಪ್ಪ ಮಾಡುತ್ತಿದ್ದುದೂ ಹಾಗೆಯೇ. ಕರಿಮಣಿ ಏರಿದವು, ಹವಳ ಏರಿತು. ತಾಜಬೀ ತಾಳಿಯನ್ನು ಕೈಗೆ ತೆಗೆದುಕೊಂಡಳು.

"ಏ ತಾಜಬೀ!" ಶೇಖರಮ್ಮ ಚೀರಿದ ರಭಸಕ್ಕೆ ಒಬ್ಬಾಕೆಯ ಮೊರ ಕೈಜಾರಿತು. "ಏನಿದು? ನನ್ನ ಸೊಸಿ ತಾಳಿ ದಾರ ನಿನ್ನ ಕಾಲಿಗೆ ಹಾಕ್ಕೊಂಡಿ? ದೇವರ ಮುಂದ ಇಟ್ಟು ಪೂಜಿ ಮಾಡೂದದು!"

ತಾಜಬೀ ಬೆಚ್ಚಿ ತನ್ನ ಕಾಲನ್ನೇ ನೋಡಿಕೊಂಡಳು. ಹುಟ್ಟಿದಾಗಿನಿಂದ ಕಂಡದ್ದು, ಅದರಲ್ಲೊಂದು ತಪ್ಪಿದೆ ಎಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ. ಕಾಲೋನಿಯಲ್ಲಿ ಗಾಜಿನ ಮಣಿ ಪೋಣಿಸುವಾಗ ಯಾರೂ ಅವಳ ಕಾಲು ನೋಡಿರಲಿಲ್ಲ. ಪತ್ತಾರರು ಪರದೆ ಇಳಿಬಿಟ್ಟದ್ದು ಬರೀ ಹೆಸರು ಮುಚ್ಚಲಿಕ್ಕಲ್ಲ, ಕಾಲು ಮುಚ್ಚಲಿಕ್ಕೂ ಹೌದು ಎಂಬುದು ಈಗ ತಿಳಿಯಿತು. ಕಣ್ಣ ಮುಂದೆ ಪೋಣಿಸುತ್ತೇನೆಂದು ಊರೂರು ಸಾರಿಕೊಂಡು ಬಂದವಳು ತಾನೇ! ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಮೇಲಾಯಿತು.

"ಎರಡು ಕೈ ಸಾಲೂದಿಲ್ರಿ ಅವ್ವಾರ ಈ ಕೆಲಸಕ್ಕ. ಮೂರನೇ ಕೈ ದೇವರು ಕೊಡ್ಲಿಲ್ಲ, ಬೆರಳು ಕೊಟ್ಟಾನ."

"ಗ್ವಾಡಿ ಗೂಟಕ್ಕ ಹಾಕವಾ, ಗೂಟ ಐತೆಲ್ಲ" ಎಂದಳು ಅಕ್ಕಿ ಹಸನು ಮಾಡುತ್ತಿದ್ದ ಮುದಕಮ್ಮ.

"ಹೊಸಪ್ಯಾಟಿಯವ ಗೂಟಕ್ಕ ಹಾಕೇ ಪೋಣಿಸಿದ್ನಂತ್ರಿ. ದಾರ ಎಷ್ಟು ಬಿಗಿ ಆತು ಅಂತ ಗೂಟಕ್ಕ ತಿಳೀತದೇನ್ರಿ? ನನ್ನ ಬೆರಳಿಗೆ ತಿಳೀತದ."

ಲಗ್ನ ಹತ್ತಿರ ಬಂದಿತ್ತು. ಇವಳನ್ನು ಬಿಟ್ಟರೆ ಬೇರೆ ಕೈಯಿಲ್ಲ. ಶೇಖರಮ್ಮ ಸುತ್ತಲಿನ ಹೆಂಗಸರನ್ನು ನೋಡಿ, ತಾಜಬೀಯ ಹತ್ತಿರ ಬಾಗಿ ದನಿ ತಗ್ಗಿಸಿದಳು. "ಕೇಳಿಲ್ಲಿ. ಅಡಿಗಿಮನಿ ಹಿಂದ ಕತ್ತಲ ಖೋಲಿ ಐತಿ. ಅಲ್ಲಿ ಬಾಗಿಲ ಹಾಕ್ಕೊಂಡು ಕುಂತು ಪೋಣಸು. ನಾನೂ ನೋಡೂದಿಲ್ಲ, ಯಾರೂ ನೋಡೂದಿಲ್ಲ. ನಿನ್ನ ಕೂಲಿ ನಿನಗ ಮುಟ್ಟಿಸ್ತೀನಿ."

ಒಪ್ಪಿದ್ದರೆ ಅಂದಿನ ಕೆಲಸ ಆಗಿಯೇಹೋಗುತ್ತಿತ್ತು. ತಾಯಿಯ ರಾಗವೂ ನಿಲ್ಲುತ್ತಿತ್ತು. ಆದರೆ ಪತ್ತಾರರ ಪರದೆ ಬಿಟ್ಟು ಬಂದು ಶೇಖರಮ್ಮನ ಬಾಗಿಲು ಹಾಕಿಕೊಂಡರೆ, ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಲ್ಲವೇ? ಇಂದು ಈ ಖೋಲಿ, ನಾಳೆ ಇನ್ನೊಬ್ಬರ ದನದ ಕೊಟ್ಟಿಗೆ. ಕಳ್ಳತನ ಮಾಡಿದವರ ಹಾಗೆ ಕತ್ತಲಲ್ಲಿ ಯಾಕೆ ಕೂಡಬೇಕು?

"ಖೋಲಿಗೆ ಹೋಗೂದಿಲ್ರಿ" ಎಂದಳು ತಾಜಬೀ, ಎಲ್ಲರಿಗೂ ಕೇಳುವ ಹಾಗೆ. "ಇಲ್ಲೇ, ಬೆಳಕಿನಾಗ ಪೋಣಿಸ್ತೀನಿ. ಬ್ಯಾಡಂದ್ರ ನಿಮ್ಮ ಬಂಗಾರ ನೋಡ್ಕೊಂಡು ಎತ್ತಿಡ್ರಿ."

"ಏನ ಸೊಕ್ಕವಾ ಇದು!" ಎಂದಳು ಶೇಖರಮ್ಮ.

"ಸೊಕ್ಕಲ್ರಿ. ಹಿಂದಿನ ಸಲ ನಿಮ್ಮ ಕೊರಳಾಗಿನ ತಾಳೀನೂ ನಾನ ಪೋಣಿಸಿದ್ದು. ನೀವು ಪತ್ತಾರರ ಗಾದಿ ಮ್ಯಾಲೆ ಕುಂತು ಚಾ ಕುಡಿಯೂ ಮುಂದ, ಅದು ಪರದಿ ಹಿಂದ ಇದ ಬೆರಳಿನಾಗಿತ್ತು. ಯಜಮಾನ್ರು ಗಟ್ಟಿಮುಟ್ಟಿಯಾಗಿ ಅದಾರಲ್ರಿ? ಏನ ಕೇಡಾತು?"

ಪಡಸಾಲೆಯಲ್ಲಿದ್ದ ಹೆಂಗಸರ ಕೈಗಳೆಲ್ಲ ತಮ್ಮ ತಮ್ಮ ಕೊರಳಿಗೆ ಹೋದವು. ಮುದಕಮ್ಮ ತನ್ನ ಸರವನ್ನು ಹಿಡಿದುಕೊಂಡು, "ಅಯ್ಯ ಶಿವನ, ನಂದೂ ಮೋನಪ್ಪನ ಅಂಗಡ್ಯಾಗಿಂದ" ಎಂದಳು.

ಶೇಖರಮ್ಮನ ಮುಖ ಕೆಂಪಾಯಿತು. ಎದ್ದು ಸರಸರನೆ ಒಳಗೆ ಹೋಗಿಬಿಟ್ಟಳು.

ಮುಗಿಯಿತು ಎಂದುಕೊಂಡಳು ತಾಜಬೀ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಇನ್ನು ಗಾಜಿನ ಮಣಿಯನ್ನೂ ಯಾರೂ ಕೊಡಲಿಕ್ಕಿಲ್ಲ. ಕುಣಿಕೆ ಬಿಡಿಸಿ, ಪೋಣಿಸಿದ್ದನ್ನು ಅರಿವೆಯ ಮೇಲೆ ಒಪ್ಪವಾಗಿ ಇಟ್ಟಳು. ಆದರೂ ಆಡಿದ ಮಾತಿನಲ್ಲಿ ಒಂದನ್ನೂ ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ಅವಳಿಗೆ ಅನ್ನಿಸಲಿಲ್ಲ. ಬಂಗಾರ ಒಡತಿಯ ಕೈಗೇ ಒಪ್ಪಿಸಿ ಹೋಗಬೇಕೆಂದು, ಬೆನ್ನು ನೆಟ್ಟಗೆ ಮಾಡಿ ಕೂತಲ್ಲೇ ಕೂತಳು.

ಶೇಖರಮ್ಮ ಹೊರಗೆ ಬಂದಳು. ಅವಳ ಕೊರಳಲ್ಲಿ ಅರಿಷಿಣ ಹಚ್ಚಿದ ನೂಲಿಗೆ ಕಟ್ಟಿದ ಅರಿಷಿಣದ ಕೊಂಬು ಇತ್ತು. ತಾಳಿಯ ದಾರ ಬದಲಿಸುವಾಗ ಮುತ್ತೈದೆಯ ಕೊರಳು ಬರಿದಾಗಬಾರದೆಂದು ಹಾಗೆ ಕಟ್ಟಿಕೊಳ್ಳುವುದು ವಾಡಿಕೆ. ಬಿಚ್ಚಿದ ತಾಳಿ ಕೈಯಲ್ಲಿತ್ತು. ಇನ್ನೊಂದು ಕೈಯಲ್ಲಿ ನೀರಿನ ಚೊಂಬು.

"ಕಾಲು ತೊಳಕೊ" ಎಂದಳು ಶೇಖರಮ್ಮ, ಸಿಟ್ಟು ಇನ್ನೂ ಇಳಿಯದ ದನಿಯಲ್ಲಿ. ತಾಜಬೀ ಅಂಗಳಕ್ಕಿಳಿದು ಕಾಲು ತೊಳೆದು ಬಂದು ಕೂತಳು. ಶೇಖರಮ್ಮ ತನ್ನ ತಾಳಿಯನ್ನು ಅವಳ ಅಂಗೈಯಲ್ಲಿಟ್ಟಳು.

"ಇದರ ದಾರ ಸವದೈತಿ. ಮೊದಲ ನಂದು ಪೋಣಸು, ಆಮ್ಯಾಲೆ ಸೊಸೀದು."

ಆಮೇಲೆ ಮೊರ ಹಿಡಿದು ಬೆರಗಾಗಿ ಕೂತಿದ್ದ ಹೆಂಗಸರ ಕಡೆ ತಿರುಗಿ ಗದರಿದಳು: "ಏನ ನೋಡ್ತೀರಿ? ಸರೀರಿ ಅತ್ತಾಗ. ಅಕಿಗೆ ಕಾಲು ಚಾಚಾಕ ಜಾಗಾ ಬಿಡ್ರಿ."