ಒಂದನೇ ಗುಂಡಿಯ ಯಜಮಾನರು

ಆ ಚಾನೆಲ್ಲಿನ ಏಳೂವರೆಯ ವಾರ್ತೆಯನ್ನು ಟೀವಿಯ ಮುಂದೆ ಕೂತು ನೋಡುವ ಮನೆ ಇಡೀ ಊರಿನಲ್ಲಿ ಒಂದೇ ಒಂದು ಉಳಿದಿತ್ತು. ಹಾಗೆಂದು ಲೆಕ್ಕದ ಪೆಟ್ಟಿಗೆ ಹೇಳಿತ್ತು. ಲೆಕ್ಕದ ಪೆಟ್ಟಿಗೆ ಹೇಳಿದ ಮೇಲೆ ಮುಗಿಯಿತು, ಅದರ ಮುಂದೆ ಯಾರ ಮಾತೂ ನಡೆಯುವುದಿಲ್ಲ.

ಯಾರು ಏನು ನೋಡುತ್ತಾರೆಂದು ಅಳೆಯುವ ಕಂಪನಿಯೊಂದು ಕೆಲವು ಮನೆಗಳಲ್ಲಿ ಗುಟ್ಟಾಗಿ ಈ ಪೆಟ್ಟಿಗೆ ಇಟ್ಟಿತ್ತು. ಜೊತೆಗೊಂದು ಪುಟ್ಟ ರಿಮೋಟು, ಅದರಲ್ಲಿ ಮನೆಯ ಒಬ್ಬೊಬ್ಬರಿಗೂ ಒಂದೊಂದು ಗುಂಡಿ. ಟೀವಿ ಮುಂದೆ ಕೂತಾಗ ಒತ್ತಬೇಕು, ಎದ್ದು ಹೋಗುವಾಗ ಮತ್ತೆ ಒತ್ತಬೇಕು. ಜಾಹೀರಾತಿನವರು ದುಡ್ಡು ಕೊಡುವುದು ಈ ಗುಂಡಿಗಳನ್ನು ನೋಡಿ. ಹಾಗಂತ ಜನ ವಾರ್ತೆ ಬಿಟ್ಟಿದ್ದಾರೆಂದಲ್ಲ. ಅದೇ ವಾರ್ತೆಯ ತುಂಡುಗಳನ್ನು ಬಸ್ಸಿನಲ್ಲಿ, ಬಚ್ಚಲಲ್ಲಿ, ಬಾಸ್ ಮಾತಾಡುತ್ತಿರುವಾಗ ಮೇಜಿನ ಕೆಳಗೆ, ಲಕ್ಷಗಟ್ಟಲೆ ಮಂದಿ ಫೋನಿನಲ್ಲಿ ನೋಡುತ್ತಿದ್ದರು. ಆ ದುಡ್ಡು ಮಾತ್ರ ಫೋನಿನ ಕಡೆಯವರ ಜೇಬಿಗೆ. "ಹಸು ಸಾಕೋದು ನಾವು, ಹಾಲು ಕರ್ಕೊಳ್ಳೋದು ಪಕ್ಕದ್ಮನೆಯವರು" ಎಂದು ಮ್ಯಾನೇಜರು ದಿನಕ್ಕೊಂದು ಸಲ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದ.

ಆ ವಾರ್ತೆಯನ್ನು ಓದುತ್ತಿದ್ದವಳನ್ನು ಆಫೀಸಿನಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ವಯಸ್ಸು ನಲವತ್ತು ದಾಟಿತ್ತು, ಮದುವೆ ಬೇಡವೆಂದು ಅಮ್ಮನ ಜೊತೆ ಎರಡು ಕೋಣೆಯ ಮನೆಯಲ್ಲಿದ್ದಳು. ಅಕ್ಕನಿಗೆ ಗೊತ್ತಿದ್ದ ಕಸುಬು ಅದೊಂದೇ. ವಾರ್ತೆ ನಿಂತರೆ ಅವಳೂ ಮನೆಗೆ, ಕ್ಯಾಮೆರಾದವನೂ ಮನೆಗೆ, ಮುಖಕ್ಕೆ ಬಣ್ಣ ಹಚ್ಚುವವಳೂ ಮನೆಗೆ.

ವಾರ್ತೆಯನ್ನು ಅಲ್ಲಿಯವರೆಗೆ ಉಳಿಸಿದ್ದು ಆ ಮನೆಯ ಒಂದನೇ ಗುಂಡಿ. ಅಳೆಯುವ ಕಂಪನಿ ಮನೆಯವರ ಹೆಸರು, ವಿಳಾಸ ಕೊಡುವುದಿಲ್ಲ. ಗಂಡಸು, ಎಪ್ಪತ್ತು ಮೀರಿದವರು ಎಂದಷ್ಟೇ ಹೇಳುತ್ತದೆ. ಎರಡನೇ ಗುಂಡಿಯ ಹೆಂಗಸು ನಡುನಡುವೆ ಎದ್ದು ಹೋಗುತ್ತಿದ್ದರು. ಈ ಮಹಾನುಭಾವರು ಏಳುತ್ತಲೇ ಇರಲಿಲ್ಲ. ಜಾಹೀರಾತು ಬಂದರೂ ಇಲ್ಲ, ನೀರು ಕುಡಿಯಲಿಕ್ಕೂ ಇಲ್ಲ. "ಇಂಥ ವೀಕ್ಷಕ ಭೂಮಿ ಮೇಲೆ ಇನ್ನೊಬ್ಬ ಇಲ್ಲ" ಎಂದು ಮಂಡಿನೋವಿನ ಎಣ್ಣೆ ಕಂಪನಿಯವರು ಮೂರು ವರ್ಷದ ಜಾಹೀರಾತನ್ನು ಒಟ್ಟಿಗೇ ಬರೆದುಕೊಟ್ಟರು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ ಅವರು ಇಡೀ ಚಾನೆಲ್ಲಿಗೆ ಯಜಮಾನರಾದರು.

ಆಮೇಲೆ ನಡೆದದ್ದನ್ನು ಹೇಳಿದರೆ ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ. ಯಜಮಾನರ ಕಣ್ಣಿಗೆ ಆಯಾಸವಾಗಬಾರದೆಂದು ಅಕ್ಷರ ಎಷ್ಟು ದೊಡ್ಡದಾಯಿತೆಂದರೆ ತೆರೆಯ ಮೇಲೆ ಒಂದು ಸಲಕ್ಕೆ ಒಂದೇ ಪದ ಹಿಡಿಯುತ್ತಿತ್ತು. ಯಜಮಾನರ ಎದೆ ಗಟ್ಟಿ ಇದೆಯೋ ಇಲ್ಲವೋ ಎಂದು ಭೂಕಂಪವನ್ನು "ಸ್ವಲ್ಪ ಅಲುಗಾಟ" ಎಂದು ಓದಿಸಿದರು. ಬೆಳಗಿನ ಮೀಟಿಂಗಿನಲ್ಲಿ ಅವರಿಗೊಂದು ಖಾಲಿ ಕುರ್ಚಿ ಹಾಕಿದರು, ಅದರ ಮುಂದೆ ಸಕ್ಕರೆ ಇಲ್ಲದ ಟೀ ಇಟ್ಟರು. ಒಂದು ದಿನ ಯಾರೋ ಸಕ್ಕರೆ ಹಾಕಿ ಇಟ್ಟಿದ್ದಕ್ಕೆ ಮ್ಯಾನೇಜರು ಅರ್ಧ ಗಂಟೆ ಬೈದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವನು ಅವನು.

ಅಂಥವನಿಗೂ ಒಂದು ದಿನ ದುರಾಸೆ ಹತ್ತಿತು. ಏಳೂವರೆಗೆ ಕುಣಿತದ ಸ್ಪರ್ಧೆ ಹಾಕಿದರೆ ಯಜಮಾನರೂ ಉಳಿಯುತ್ತಾರೆ, ಹುಡುಗರೂ ಬರುತ್ತಾರೆ ಎಂದು ಲೆಕ್ಕ ಹಾಕಿದ. "ಒಂದು ದಿನ ನೋಡೋಣ ಅಕ್ಕ. ಯಜಮಾನರು ಕೂತ್ರೆ ನಿಮ್ಮ ವಾರ್ತೆಗೆ ಕೈ ಮುಗಿಯೋಣ. ಎದ್ರೆ ನೀವೇ ನಮ್ಮ ಮಹಾರಾಣಿ" ಎಂದ. ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದಳು. ಎಷ್ಟೋ ವರ್ಷಗಳಿಂದ ಆ ಹೊತ್ತಿಗೆ ಅವಳು ಮನೆಯಲ್ಲಿ ಇದ್ದದ್ದೇ ಇಲ್ಲ. ರಜೆಯ ದಿನಗಳಲ್ಲೂ ಬೇರೆಯವರು ಓದುವುದನ್ನು ನೋಡಲಾರದೆ ಹೊರಗೆ ಸುತ್ತುತ್ತಿದ್ದಳು.

ಬಾಗಿಲು ಸುಮ್ಮನೆ ಮುಂದಕ್ಕೆ ಹಾಕಿತ್ತು. ಒಳಗೆ ಅಮ್ಮ ಬಾಗಿಲಿಗೆ ಬೆನ್ನು ಮಾಡಿಕೊಂಡು ಅಪ್ಪನ ಬೆತ್ತದ ಕುರ್ಚಿಯನ್ನು ಟೀವಿಯ ಎದುರು ಎಳೆಯುತ್ತಿದ್ದಳು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅಮ್ಮ ಹೊಲಿಗೆ ಡಬ್ಬಿಯಿಂದ ಒಂದು ಪುಟ್ಟ ರಿಮೋಟು ತೆಗೆದು, "ಬನ್ನಿ, ಹೊತ್ತಾಯ್ತು, ಮಗಳು ಬರ್ತಾಳೆ" ಎನ್ನುತ್ತಾ ಒಂದನೇ ಗುಂಡಿ ಒತ್ತಿದಳು, ಆಮೇಲೆ ಎರಡನೇದು. ಟೀವಿಯಲ್ಲಿ ಮಿಣಿಮಿಣಿ ಬಟ್ಟೆಯ ಹುಡುಗರು ನೆಗೆಯತೊಡಗಿದರು. "ಅಯ್ಯೋ, ಇವರ್‍ಯಾರೋ. ಏಳಿ, ಏಳಿ, ಇದು ನಮ್ಮದಲ್ಲ" ಎಂದು ಅಮ್ಮ ಎರಡೂ ಗುಂಡಿಗಳನ್ನು ಒತ್ತಿ ಟೀವಿ ಆರಿಸಿದಳು.

ಟೀವಿಯ ಹಿಂದಿದ್ದ ಕರಿ ಪೆಟ್ಟಿಗೆ ಕರೆಂಟಿನ ಏರಿಳಿತ ತಡೆಯುವ ಸಾಮಾನು ಎಂದು ಅಪ್ಪ ಹೇಳಿದ್ದ, ಅಕ್ಕ ಅದರ ಧೂಳನ್ನೂ ಒರೆಸಿದ್ದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ಅವಳ ಪಾಡು.

"ಅಮ್ಮ, ಇದೇನಿದು?"

ಅಮ್ಮ ಬೆಚ್ಚಿ ರಿಮೋಟನ್ನು ಸೆರಗಿನೊಳಗೆ ಮುಚ್ಚಿದಳು. "ಯಾರಿಗೂ ಹೇಳಬಾರದು ಅಂತ ಕಂಪನಿಯವರು ಅಪ್ಪನ ಕೈಲಿ ಸಹಿ ಹಾಕಿಸ್ಕೊಂಡಿದ್ರು ಕಣೆ. ಟೀವಿಯಲ್ಲಿ ಕೆಲಸ ಮಾಡೋರ ಮನೇಲಿ ಇಡೋ ಹಾಗಿಲ್ಲವಂತೆ. ಅದಕ್ಕೇ ಅಪ್ಪ ನಮಗೆ ಮಕ್ಕಳೇ ಇಲ್ಲ ಅಂತ ಹೇಳಿಬಿಟ್ರು."

"ನನ್ನ ನೋಡೋಕೆ ನಾನೇ ಇಲ್ಲ ಅಂದ್ರಾ?"

"ಪ್ರೀತಿಗೆ ಹೇಳಿದ ಸುಳ್ಳು ಬಿಡು."

"ಆದ್ರೆ ಅಪ್ಪ ಹೋದ್ಮೇಲೂ ಯಾಕಮ್ಮ ಒತ್ತೋದು?"

ಅಮ್ಮ ಕುರ್ಚಿಯ ಕೈ ಸವರಿದಳು. "ಒತ್ತಲಿಲ್ಲ ಅಂದ್ರೆ ನಾನೊಬ್ಬಳೇ ಇದೀನಿ ಅಂತ ಆ ಪೆಟ್ಟಿಗೆಗೆ ಗೊತ್ತಾಗುತ್ತಲ್ಲ" ಎಂದಳು.

ಮರುದಿನ ಮ್ಯಾನೇಜರು ಬಾಗಿಲಲ್ಲೇ ಕೈ ಮುಗಿದು ನಿಂತಿದ್ದ. ಯಜಮಾನರು ಕುಣಿತ ನೋಡಿ ಎದ್ದುಹೋಗಿದ್ದಾರೆ, ಎಣ್ಣೆ ಕಂಪನಿಯವರು ಹೌಹಾರಿದ್ದಾರೆ, ವಾರ್ತೆ ಶಾಶ್ವತ. ಅಕ್ಕ ನಿಜ ಹೇಳಿದರೆ ಪೆಟ್ಟಿಗೆ ಕಿತ್ತುಕೊಂಡು ಹೋಗುತ್ತಾರೆ, ಇಷ್ಟು ಜನರ ಅನ್ನ ಹೋಗುತ್ತದೆ, ಅಮ್ಮನ ಸಂಜೆ ಹೋಗುತ್ತದೆ. ಮೀಟಿಂಗಿನಲ್ಲಿ ಖಾಲಿ ಕುರ್ಚಿಯ ಪಕ್ಕವೇ ಕೂತು, ಟೀ ಆರುತ್ತಿದ್ದುದನ್ನು ಕಂಡು ಮೇಲೊಂದು ತಟ್ಟೆ ಮುಚ್ಚಿದಳು.

ಮುನಿಸಿಕೊಂಡ ಯಜಮಾನರನ್ನು ಸಮಾಧಾನ ಮಾಡಬೇಕೆಂದು ಮ್ಯಾನೇಜರು ಹೊಸದೊಂದು ಸಾಲು ಬರೆಸಿದ್ದ. ಹವಾಮಾನಕ್ಕೆ ಮೊದಲು ಅಕ್ಕ ಕ್ಯಾಮೆರಾ ನೋಡಿ ಕೇಳಬೇಕು: "ಯಜಮಾನರೇ, ಊಟ ಆಯಿತೇ?" ಆ ಸಂಜೆ ಅವಳು ಕೇಳಿದಳು. ಕೇಳಿದ್ದೇ ತಡ, ನಾಳೆ ಮೋಡ ಕವಿದ ವಾತಾವರಣ ಎಂದಳು.

ಮನೆಗೆ ಬಂದಾಗ ಅಮ್ಮ ಮುಖ ಊದಿಸಿಕೊಂಡಿದ್ದಳು. "ಅಪ್ಪ ಹೇಳ್ತಾನೇ ಇದ್ರು, ನೀನು ಕೇಳಿಸ್ಕೊಳ್ಳದೆ ಮೋಡಕ್ಕೆ ಹೋಗ್ಬಿಟ್ಟೆ" ಎಂದಳು.

ಅಕ್ಕ ಚಪ್ಪಲಿ ಬಿಡುತ್ತಿದ್ದವಳು ಹಾಗೇ ನೆಲದ ಮೇಲೆ ಕೂತುಬಿಟ್ಟಳು. ಅಪ್ಪ ಹೋದ ದಿನ ಅವಳು ಸ್ಟುಡಿಯೋಗೆ ಹೊರಡುವ ಅವಸರದಲ್ಲಿದ್ದಳು. ಒಳಗಿನಿಂದ ಅಪ್ಪ ಏನೋ ಕರೆದು ಹೇಳಿದ್ದ. ಬಂದ್ಮೇಲೆ ಕೇಳ್ತೀನಪ್ಪ ಎಂದು ಬಾಗಿಲು ಎಳೆದುಕೊಂಡಿದ್ದಳು. ಅವಳು ವಾರ್ತೆ ಓದುತ್ತಿರುವಾಗಲೇ, ಅದೇ ಕುರ್ಚಿಯಲ್ಲಿ, ಅವಳನ್ನೇ ನೋಡುತ್ತಾ ಅಪ್ಪ ಹೋಗಿದ್ದ. ಅವನು ಏನು ಹೇಳಲು ಕರೆದನೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಮಾರನೆಯ ಸಂಜೆ ಅವಳು ಆ ಸಾಲಿಗೆ ಬಂದಳು. "ಅಪ್ಪ, ಊಟ ಆಯ್ತಾ?" ಎಂದಳು. ಆಮೇಲೆ ಸುಮ್ಮನಾದಳು. ಟೀವಿಯಲ್ಲಿ ಕ್ಷಣ ಕ್ಷಣವೂ ಮಾರಾಟದ ಸರಕು, ಬಿಟ್ಟಿ ಸುಮ್ಮನಿರುವ ಹಾಗಿಲ್ಲ. ಕಿವಿಯೊಳಗೆ ಮ್ಯಾನೇಜರು "ಓದಿ ಅಕ್ಕ, ಓದಿ, ಮಷೀನು ಕೆಟ್ಟಿದೆ ಅಂದ್ಕೊಳ್ತಾರೆ" ಎಂದು ಗೋಳಾಡುತ್ತಿದ್ದ. ಅವಳು ಕಿವಿಯ ಇಯರ್‌ಫೋನು ಕಿತ್ತು ಮೇಜಿನ ಮೇಲಿಟ್ಟು ಕ್ಯಾಮೆರಾವನ್ನೇ ನೋಡುತ್ತಾ ಕೂತಳು, ಎದುರಿಗಿದ್ದವರು ಮಾತು ಮುಗಿಸಲಿ ಎಂದು ಕಾಯುವವರ ಹಾಗೆ. ಕ್ಯಾಮೆರಾದವನಿಗೂ ಉಸಿರು ಬಿಡಲು ಭಯವಾಯಿತು. ಕೊನೆಗೆ ಅವಳು "ಸರಿ ಅಪ್ಪ" ಎಂದು ತಲೆಯಾಡಿಸಿ ಹವಾಮಾನಕ್ಕೆ ಹೋದಳು.

ಬೆಳಗ್ಗೆ ಕೆಲಸ ಹೋಯಿತೆಂದೇ ಆಫೀಸಿಗೆ ಬಂದಳು. ಮ್ಯಾನೇಜರಿಗೆ ಮಾತ್ರ ಆಕಾಶಕ್ಕೆ ಮೂರೇ ಗೇಣು. ಯಜಮಾನರು ಅಲುಗಾಡಿರಲಿಲ್ಲ, ಎರಡನೇ ಗುಂಡಿಯೂ ಮೊದಲ ಬಾರಿಗೆ ಕೊನೆಯವರೆಗೆ ಕೂತಿತ್ತು. ಆ ಸುಮ್ಮನಿದ್ದ ಹೊತ್ತನ್ನು ಅವನು ಆಗಲೇ ಎಣ್ಣೆ ಕಂಪನಿಗೆ ಮಾರಿಬಿಟ್ಟಿದ್ದ. ಇನ್ನು ಮೇಲೆ ದಿನವೂ ಹೀಗೆಯೇ, ಕೆಳಗೆ ದೊಡ್ಡ ಅಕ್ಷರದಲ್ಲಿ: ಈ ಮೌನದ ಪ್ರಾಯೋಜಕರು, ಮಂಡಿನೋವಿನ ಎಣ್ಣೆ.

ಅಕ್ಕನಿಗೆ ನಗು ಬಂತು, ನಗುತ್ತಿರುವಾಗಲೇ ಅಳುವೂ ಬಂತು. ಬಣ್ಣ ಹಚ್ಚುವವಳು ಬೈದುಕೊಂಡು ಮತ್ತೆ ಮೊದಲಿನಿಂದ ಹಚ್ಚಿದಳು.

ಆ ಸಂಜೆ ಎಣ್ಣೆಯವರ ಹೆಸರಿನ ಮೇಲೆ ಕೂತು ಅವಳು ಇನ್ನೊಮ್ಮೆ ಕೇಳಿದಳು, ಇನ್ನೊಮ್ಮೆ ಕಾದಳು. ಮನೆಗೆ ಬಂದಾಗ ಅಮ್ಮ ಬೆತ್ತದ ಕುರ್ಚಿಯನ್ನು ಗೋಡೆಗೆ ಒತ್ತರಿಸುತ್ತಿದ್ದಳು.

"ಇವತ್ತು ಕೇಳಿಸ್ತಾ?" ಎಂದಳು.

"ಕೇಳಿಸ್ತಮ್ಮ" ಎಂದಳು ಅಕ್ಕ, ಕುರ್ಚಿಗೆ ಇನ್ನೊಂದು ಕಡೆಯಿಂದ ಕೈ ಹಾಕುತ್ತಾ.