ಹೊಸ ಕಂಪನಿಯ ಷೇರು

ಲ್ಯಾಪ್‌ಟಾಪಿನ ತೆರೆಯ ಮೇಲೆ ಹೊಸ ಕಂಪನಿಯ ಹೆಸರು ಕಂಡಿದ್ದೇ ಅಕ್ಕ ಮುಂದಕ್ಕೆ ಬಾಗಿ ಮತ್ತೊಮ್ಮೆ ಓದಿದಳು. ಅಮ್ಮನ ಖಾತೆಗೆ ಅದರ ಷೇರುಗಳು ಬಂದು ಕೂತಿದ್ದವು. ಯಾರೂ ಕೊಂಡಿರಲಿಲ್ಲ, ತಾವಾಗಿಯೇ ಬಂದಿದ್ದವು. ಬರುತ್ತವೆ ಎಂದು ತಮ್ಮ ಬಡಕೊಂಡಿದ್ದೂ ಇದನ್ನೇ.

ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವ ಅಕ್ಕನಿಗೆ ಲೆಕ್ಕದಲ್ಲಿ ತನ್ನನ್ನು ಬಿಟ್ಟರಿಲ್ಲ ಎಂಬ ಹಮ್ಮು. ಅಮ್ಮನ ಉಳಿತಾಯದ ಲೆಕ್ಕವನ್ನೆಲ್ಲ ಸಾಫ್ಟ್‌ವೇರಿನಲ್ಲಿ ಅಚ್ಚುಕಟ್ಟಾಗಿ ಇಟ್ಟವಳು ಅವಳೇ. ಲಿಫ್ಟ್ ರಿಪೇರಿ ಮಾಡುವ ತಮ್ಮ ತನ್ನನ್ನು ಒಂದು ಮಾತೂ ಕೇಳದೆ ಅಮ್ಮನ ದುಡ್ಡನ್ನು ಷೇರಿಗೆ ಹಾಕಿಸಿದಾಗಿನಿಂದ ಒಳಗೊಳಗೇ ಉರಿಯುತ್ತಿದ್ದಳು. ಹೋದ ತಿಂಗಳು ಆ ಷೇರಿನ ಬೆಲೆ ಒಂದೇ ಬೆಳಿಗ್ಗೆ ಧೊಪ್ಪನೆ ಬಿದ್ದು ತೆರೆಯೆಲ್ಲ ನಷ್ಟದ ಕೆಂಪು ತುಂಬಿದಾಗ ಅವಳು ಹಿಂದೆಮುಂದೆ ನೋಡಲಿಲ್ಲ. ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋಗಿ ಅಮ್ಮನ ಮಡಿಲಲ್ಲೇ ಇಟ್ಟಳು.

"ನೋಡಮ್ಮ, ನಿನ್ನ ಮುದ್ದಿನ ಮಗ ನಿನ್ನ ದುಡ್ಡನ್ನ ನುಂಗಿ ನೀರು ಕುಡಿದಿದಾನೆ."

ಕರೆಸಿದಾಗ ತಮ್ಮ ಕೆಲಸದ ಬಟ್ಟೆಯಲ್ಲೇ ಓಡಿ ಬಂದ. ಕಂಪನಿ ತನ್ನ ಔಷಧಿ ವ್ಯಾಪಾರವನ್ನು ಬೇರೆ ಕಂಪನಿಯಾಗಿ ಮಾಡಿದೆ, ಅದಕ್ಕೇ ಹಳೆಯ ಷೇರಿನ ಬೆಲೆ ಇಳಿದಿದೆ, ಹೊಸದರ ಷೇರು ನಮಗೂ ಬರುತ್ತದೆ, ಬರುವ ತನಕ ಸಾಫ್ಟ್‌ವೇರಿಗೆ ಅದು ಗೊತ್ತಾಗುವುದಿಲ್ಲ, ಅಷ್ಟೇ ಎಂದು ತಿಳಿಸಿ ಹೇಳಿದ. ಕತೆ ಕಟ್ಟಬೇಡ ಎಂದಳು ಅಕ್ಕ. ಅಮ್ಮ ಇಬ್ಬರನ್ನೂ ನೋಡಿ, ಕೊನೆಗೆ ಮಗನಿಗೆ ಇನ್ನು ಈ ಮೆಟ್ಟಿಲು ಹತ್ತಬೇಡ ಎಂದುಬಿಟ್ಟಳು.

ಈಗ ಅಕ್ಕ ಸಾಫ್ಟ್‌ವೇರಿನ ಸಹಾಯದ ಪುಟವನ್ನು ಓದಿದಳು. ಹಳೆಯ ಷೇರು ಕೊಂಡ ಬೆಲೆಯಲ್ಲಿ ಒಂದು ಪಾಲನ್ನು ಕಳೆದು ಹೊಸ ಷೇರಿನ ಹೆಸರಿಗೆ ಬರೆಯಬೇಕು, ಕಂಪನಿ ಬೇರೆಯಾದ ದಿನದ ತಾರೀಖನ್ನೇ ಹಾಕಬೇಕು. ಹಾಗೇ ಮಾಡಿದಳು. ಕೆಂಪು ಮಾಯವಾಯಿತು. ಬೆಲೆ ಬಿದ್ದ ಆ ದಿನದ ಲೆಕ್ಕಕ್ಕೇ ಹೋಗಿ ಹುಡುಕಿದರೂ ನಷ್ಟದ ಸುಳಿವಿಲ್ಲ. ತಮ್ಮನನ್ನು ಕಳ್ಳನೆಂದದ್ದು ಯಾವುದಕ್ಕೆ ಎಂದು ಕೇಳಿದರೆ ತೋರಿಸಲೂ ಏನಿಲ್ಲ. ಅವಳಿಗೆ ನಾಚಿಕೆಯಾಯಿತು. ತಪ್ಪು ತನ್ನದೇ ಎಂದು ಹೇಳಿಬಿಡಲು ಎದ್ದು ಅಮ್ಮನ ಕೋಣೆಗೆ ಹೋದಳು.

"ದುಡ್ಡು ಎಲ್ಲೂ ಹೋಗಿಲ್ಲಮ್ಮ. ಎಲ್ಲಾ ಇದೆ."

ಅಮ್ಮನ ಕಣ್ಣು ತುಂಬಿ ಬಂತು. "ಹೇಗೋ ಮಾಡಿ ವಾಪಸ್ ತಂದೆಯಲ್ಲ ಮಗಳೇ. ನೀನಿಲ್ದೇ ಹೋಗಿದ್ರೆ ನಾನು ಬೀದಿಗೆ ಬೀಳ್ತಿದ್ದೆ."

ನಲ್ಲಿ ರಿಪೇರಿ ಮಾಡಿದರೂ ಮಗನನ್ನೇ ಹಾಡಿ ಹೊಗಳುತ್ತಿದ್ದ ಅಮ್ಮ ಮಗಳಿಗೆ ಇಂಥ ಒಂದು ಮಾತನ್ನು ಈ ಜನ್ಮದಲ್ಲಿ ಆಡಿರಲಿಲ್ಲ. ನಾಲಗೆ ತುದಿಗೆ ಬಂದಿದ್ದನ್ನು ಅಕ್ಕ ನುಂಗಿಕೊಂಡಳು. ನಾಳೆ ಹೇಳಿದರಾಯಿತು, ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡಳು. ನಾಳೆ ಬಂತು, ನಾಡಿದ್ದೂ ಬಂತು. ಅಮ್ಮ ಬಂದವರ ಮುಂದೆಲ್ಲ ಮಗಳ ಜಾಣತನ ಹೇಳಿಕೊಂಡು ತಿರುಗಿದಳು.

ವಾರ ಕಳೆಯುವುದರೊಳಗೆ ಅಮ್ಮ ನಾಮಿನಿ ಬದಲಿಸುವ ಮಾತೆತ್ತಿದಳು. ನನ್ನ ನಂತರ ಅವನಿಗೆ ಒಂದು ಕಾಸೂ ಹೋಗಬಾರದು, ನಿನ್ನ ಹೆಸರು ಹಾಕಿಸು ಎಂದಳು.

"ಅವಸರ ಏನಮ್ಮ?" ಎಂದಳು ಅಕ್ಕ, ಮೆಲ್ಲಗೆ.

"ಇದೆ."

ಮರುದಿನ ಅಕ್ಕ ಆಸ್ಪತ್ರೆಯ ಪ್ರಿಂಟರಿನಲ್ಲೇ ನಾಮಿನಿ ಬದಲಿಸುವ ಅರ್ಜಿ ತೆಗೆದು ತಂದಳು. ಅಮ್ಮ ಕನ್ನಡಕ ಹಾಕಿಕೊಂಡು ಪೆನ್ನು ಹಿಡಿದಳು. ಫ್ಯಾನಿನ ಗಾಳಿಗೆ ಕಾಗದ ಏಳುತ್ತಿತ್ತು. ಅಕ್ಕ ಅದರ ಅಂಚನ್ನು ಅಂಗೈಯಲ್ಲಿ ಒತ್ತಿ ಹಿಡಿದಳು.

"ಎಲ್ಲಿ ಹಾಕ್ಲಿ?" ಎಂದಳು ಅಮ್ಮ.

ಅಕ್ಕ ಬೆರಳಿಟ್ಟು ತೋರಿಸಿದಳು.