ವಾಸಿಯಾದವಳು

ಎದ್ದು ನಿಂತರೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆಂದು ಸುನ್ವಾ ಕುರ್ಚಿಯಿಂದ ಕದಲಲಿಲ್ಲ. ಒಂದು ಸಾಲು ಹೆಣೆಯುವುದು, ಅದನ್ನೇ ಬಿಚ್ಚುವುದು, ಮತ್ತೆ ಹೆಣೆಯುವುದು, ಅರ್ಧ ಗಂಟೆಯಿಂದ ಇಷ್ಟೇ ಮಾಡುತ್ತಿದ್ದಳು. ಹೊಕ್ಕುಳ ಕೆಳಗೆ ಯಾರೋ ಒದ್ದೆ ಬಟ್ಟೆ ಹಿಂಡುತ್ತಿರುವಂತೆ ನೋವು ತಿರುಚಿಕೊಂಡು ಬಂದು ಸೊಂಟದಿಂದ ಬಲಗಾಲಿಗೆ ಇಳಿಯುತ್ತಿತ್ತು.

"ಆ ಕಾಫಿ ಕೆಟಲು ಈ ಕಡೆ ಕೊಡೇ," ಅಂದಳು ಅತ್ತೆ ಮಲಾನ್.

ಸುನ್ವಾ ಕೂತಲ್ಲಿಂದಲೇ ಕೈ ಚಾಚಿ ಕೊಟ್ಟಳು. ಮುಚ್ಚಳ ಸ್ವಲ್ಪ ಕಟಕಟ ಅಂದಿತು. ಯಾರೂ ಗಮನಿಸಲಿಲ್ಲ.

ಶನಿವಾರ ಮಧ್ಯಾಹ್ನ ಮಲಾನ್ ಮನೆಯ ಅಡುಗೆಮನೆಯಲ್ಲಿ ಹೆಣಿಗೆಗೆ ಸೇರುವುದು ಊರಿನ ಐದಾರು ಹೆಂಗಸರ ರೂಢಿ. ಫ್ಯಾರೋ ದ್ವೀಪಗಳ ಆ ಊರಲ್ಲಿರುವುದೇ ಅರವತ್ತು ಮನೆ. ಒಬ್ಬಳು ಮೂಗೊರೆಸಿಕೊಂಡರೆ ಇನ್ನೊಬ್ಬಳು ನೆಗಡಿಯ ಸುದ್ದಿ ಹೇಳುವಷ್ಟು ಹತ್ತಿರ. ಆದರೆ ಸುನ್ವಾಳ ನೋವು ಮಾತ್ರ ಈಗ ಎಂಟು ತಿಂಗಳಿಂದ ಯಾರಿಗೂ ಕಾಣುತ್ತಿರಲಿಲ್ಲ. ಅವಳು ವಾಸಿಯಾದವಳು.

ಮಲಾನಳದು ಕೆಟ್ಟ ಜೀವವಾಗಿದ್ದರೆ ಎಷ್ಟೋ ಸುಲಭವಿತ್ತು. ಮಗ ಹಾನುಸ್ ಮೀನು ಹಡಗು ಹತ್ತಿ ವಾರಗಟ್ಟಲೆ ಸಮುದ್ರದಲ್ಲಿದ್ದಾಗ, ಸೊಸೆ ತಿಂಗಳಿಗೆ ನಾಲ್ಕು ದಿನ ಬಚ್ಚಲುಮನೆಯ ನೆಲದ ಮೇಲೆ ಮುದುರಿ ಬಿದ್ದಿರುತ್ತಿದ್ದಾಗ, ಕರೆಯದೇ ಬಂದು ಹಾಸಿಗೆ ಬಟ್ಟೆ ಒಗೆದವಳು ಅವಳು. ಗರ್ಭಕೋಶದೊಳಗೆ ಬೆಳೆಯಬೇಕಾದದ್ದು ಹೊರಗೆ ಸಿಕ್ಕಸಿಕ್ಕಲ್ಲಿ ಅಂಟಿಕೊಂಡು ಬೆಳೆಯುವ ಕಾಯಿಲೆ ಇದು ಎಂದು ಡಾಕ್ಟರು ಹೇಳಿದ ದಿನದಿಂದ ಮಲಾನ್ ಸುಮ್ಮನೆ ಕೂರಲಿಲ್ಲ. ಹಿತ್ತಿಲಲ್ಲಿದ್ದ ಹ್ವೊನ್ ಎಂಬ ಮದ್ದಿನ ಗಿಡದ ಬೇರು ಅಗೆದು ಒಣಗಿಸಿದಳು. ಗುಡ್ಡದಿಂದ ಇನ್ನೂ ಎರಡು ಬಗೆಯ ಸೊಪ್ಪು ತಂದಳು. ಎಲ್ಲವನ್ನೂ ಪುಡಿ ಮಾಡಿ, ಪೇಟೆಯಿಂದ ತರಿಸಿದ ಖಾಲಿ ಕ್ಯಾಪ್ಸೂಲುಗಳೊಳಗೆ ಚಾಕುವಿನ ತುದಿಯಿಂದ ಒಂದೊಂದಾಗಿ ತುಂಬಿದಳು. ಬೆಳಿಗ್ಗೆ ಮೂರು, ಸಂಜೆ ಮೂರು.

ಎರಡನೇ ತಿಂಗಳು ನೋವು ನಿಜಕ್ಕೂ ಒಂಚೂರು ಕಡಿಮೆಯಿತ್ತು. ಯಾಕೋ ಏನೋ. "ಪರವಾಗಿಲ್ಲ ಅತ್ತೆ, ಸ್ವಲ್ಪ ಹಗುರ ಅನ್ಸುತ್ತೆ," ಅಂದಳು ಸುನ್ವಾ. ಅತ್ತೆಯ ಮುಖ ಅಷ್ಟು ಅರಳಿದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ಆ ಮಾತು ಅಂಗಡಿಗೆ ಹೋಯಿತು, ಚರ್ಚಿಗೆ ಹೋಯಿತು, ನಡುಸಮುದ್ರದ ಹಡಗಿಗೂ ಹೋಯಿತು. "ವಾಸಿಯಾಯ್ತಂತೆ! ಅಮ್ಮ ಹೇಳಿದ್ಲು!" ಎಂದು ಹಾನುಸ್ ಫೋನಿನಲ್ಲಿ ನಗುತ್ತಾ ಅತ್ತುಬಿಟ್ಟ. ಇಲ್ಲ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಮುಂದಿನ ತಿಂಗಳು ನೋವು ಮೊದಲಿನಂತೆಯೇ ಬಂತು, ಅಷ್ಟರಲ್ಲಿ ಸಮಯ ಮೀರಿತ್ತು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ದೊಡ್ಡಾಸ್ಪತ್ರೆಯಿಂದ ಆಪರೇಷನ್ನಿನ ದಿನ ತಿಳಿಸಿ ಕಾಗದ ಬಂದಾಗ ಮಲಾನ್ ಅದನ್ನು ಎರಡು ಸಲ ಓದಿ, "ವಾಸಿಯಾದ್ಮೇಲೂ ಹೊಟ್ಟೆ ಕೊಯ್ಸಿಕೊಳ್ತಾರೇನೇ? ಆ ಜಾಗ ಇನ್ಯಾರಿಗಾದ್ರೂ ಆಗ್ಲಿ," ಅಂದಳು. ಸುನ್ವಾ ತಾನೇ ಫೋನು ಮಾಡಿ ಬೇಡವೆಂದಳು.

ವಾಸಿಯಾದವಳಿಗೆ ರಜೆ ಇಲ್ಲ. ಸಾಲ್ಮನ್ ಕಾರ್ಖಾನೆಯಲ್ಲಿ ಮೀನು ಸೀಳುವ ಸಾಲಿನಲ್ಲಿ ನಿಂತು, ತಡೆಯಲಾಗದಾಗ ಕಕ್ಕಸಿಗೆ ಹೋಗಿ ತೋಳಿನ ಬಟ್ಟೆ ಕಚ್ಚಿಕೊಂಡು, ನೀರು ಬಿಟ್ಟು, ಮುಖ ತೊಳೆದು ಬರುತ್ತಿದ್ದಳು. "ನಿಮ್ಮತ್ತೆ ಕೈಗುಣ ನೋಡು!" ಅನ್ನುತ್ತಿದ್ದರು ಜೊತೆಯವರು. ಅವಳು ನಗುತ್ತಿದ್ದಳು.

ಬಾಗಿಲು ತೆರೆದು ಯೋಹಾನಾ ಒಳಗೆ ಬಂದಳು. ಊರಿನ ಶಾಲೆಯಲ್ಲಿ ಅಡುಗೆ ಮಾಡುವವಳು. ಹಿಂದೆ ಅವಳ ಮಗಳು ರಗ್ನಾ, ಇಪ್ಪತ್ತರ ಹುಡುಗಿ. ತುಟಿಯಲ್ಲಿ ರಕ್ತವೇ ಇರಲಿಲ್ಲ. ಅವಳು ಬಾಗಿಲ ಚೌಕಟ್ಟಿಗೆ ಒರಗಿದ ರೀತಿ ನೋಡಿದ ಕೂಡಲೇ ಸುನ್ವಾಳಿಗೆ ಗೊತ್ತಾಯಿತು.

"ಇವಳಿಗೂ ಅದೇ ಕಣೇ ಮಲಾನ್," ಅಂದಳು ಯೋಹಾನಾ. "ಮಂಗಳವಾರ ಕೋಪನ್‌ಹೇಗನ್ನಿಗೆ ಬಾ ಅಂದಿದಾರೆ. ಈ ವಯಸ್ಸಿಗೇ ಹೊಟ್ಟೆಗೆ ಕತ್ತರಿ ಹಾಕಿಸ್ಕೊಳ್ಳೋದಾ? ಮೊದ್ಲು ನಿನ್ನ ಮದ್ದು ತಗೊಳ್ಲಿ ಅಂತ ನಾನು. ಇವಳು ಕೇಳ್ಬೇಕಲ್ಲ! ಸುನ್ವಾ ಹೇಳಿದ್ರೆ ಮಾತ್ರ ನಂಬ್ತಾಳಂತೆ."

"ಹೇಳೇ ಸುನ್ವಾ," ಅಂದಳು ಮಲಾನ್. ಆಗಲೇ ಕಪಾಟಿನಿಂದ ಜಾಮಿನ ಶೀಶೆ ತೆಗೆದು, ಹಸಿರು ಕ್ಯಾಪ್ಸೂಲುಗಳನ್ನು ಕಾಗದದ ಮೇಲೆ ಸುರಿಯುತ್ತಿದ್ದಳು.

ರಗ್ನಾ ನೇರ ನೋಡಿದಳು. "ನಿಜವಾಗ್ಲೂ ಹೋಯ್ತಾ?"

ಹೌದು ಅನ್ನುವ ಮಾತು ಸುನ್ವಾಳ ನಾಲಿಗೆಯ ಮೇಲೇ ಇತ್ತು. ಎಂಟು ತಿಂಗಳಲ್ಲಿ ಹೇಳಿ ಹೇಳಿ ನುಣುಪಾದ ಮಾತು. ಅತ್ತೆಯ ಉಗುರುಗಳ ಸಂದಿಯಲ್ಲಿ ಪುಡಿ ಕೂತು ಹಸಿರುಗಟ್ಟಿತ್ತು. ಸುನ್ವಾ ಅದನ್ನೇ ನೋಡಿದಳು.

"ಇಲ್ಲ," ಅಂದಳು. "ಹೋಗಿಲ್ಲ."

ಯಾರೋ ಒಬ್ಬಳು ತಮಾಷೆಯೆಂದುಕೊಂಡು ನಕ್ಕಳು.

"ಒಂದು ತಿಂಗ್ಳೂ ಹೋಗಿಲ್ಲ. ಈಗ, ಇಲ್ಲಿ ಕೂತಿದೀನಲ್ಲ, ಈಗ್ಲೂ ಇದೆ. ನೀನು ವಿಮಾನ ಹತ್ತು ರಗ್ನಾ. ಈ ಮದ್ದನ್ನ ಬೇಕಾದ್ರೆ ಅಲ್ಲಿ ಡಾಕ್ಟರ್ ಹತ್ರ ಕೇಳಿ ತಗೋ. ಆದ್ರೆ ವಿಮಾನ ಹತ್ತು."

ಮಲಾನಳ ಕೈ ಕ್ಯಾಪ್ಸೂಲುಗಳ ಮೇಲೆ ಹಾಗೇ ನಿಂತಿತು.

"ಹಾಗಾದ್ರೆ ಇಷ್ಟು ದಿನ?" ಅಂದಳು ಯೋಹಾನಾ. "ಈ ಮುದುಕಿ ನಿನಗೋಸ್ಕರ ಗುಡ್ಡ ಹತ್ತಿ ಇಳಿದ್ಲಲ್ಲೇ. ಅವಳ ಮುಖಕ್ಕೇ ಸುಳ್ಳು ಹೇಳ್ದ್ಯಾ?"

ಹೆಂಗಸರಿಗೆಲ್ಲ ಒಟ್ಟಿಗೇ ಮನೆಗೆಲಸ ನೆನಪಾಯಿತು. ಹೋಗುತ್ತಾ ಒಬ್ಬಿಬ್ಬರು ಮಲಾನಳ ಭುಜ ತಟ್ಟಿದರು, ಸುನ್ವಾಳ ಕಡೆ ತಿರುಗಲಿಲ್ಲ. ಯೋಹಾನಾ ದಡದಡ ಮೆಟ್ಟಿಲಿಳಿದಳು. ರಗ್ನಾ ಮಾತ್ರ ಬಾಗಿಲಲ್ಲಿ ಒಂದು ಗಳಿಗೆ ನಿಂತಳು.

"ನಿಂಗೆ ಕೂತ್ರೆ ಜಾಸ್ತಿನಾ, ನಿಂತ್ರೆ ಜಾಸ್ತಿನಾ?"

"ಎರಡ್ರಲ್ಲೂ."

"ನಂಗೂ," ಅಂದು ಹೊರಟುಹೋದಳು.

ಮಲಾನ್ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿಟ್ಟಳು. ಆಲೂಗಡ್ಡೆ ತೊಳೆದು ಒಲೆಯ ಮೇಲಿಟ್ಟಳು. ಬೆನ್ನು ತಿರುಗಿಸಿಕೊಂಡೇ ಮಾತಾಡಿದಳು.

"ಆ ಆಪರೇಷನ್ ದಿನ ತಪ್ಪಿಸಿದ್ದು ನಾನು."

"ಫೋನು ಮಾಡಿದ್ದು ನಾನು ಅತ್ತೆ."

"ಮತ್ತೆ ದಿನ ಕೇಳ್ದ್ಯಾ?"

"ಸೋಮವಾರ ಕೇಳ್ತೀನಿ. ಕಾಯೋ ಸಾಲು ಮತ್ತೆ ಮೊದ್ಲಿಂದ. ಇನ್ನೊಂದು ಚಳಿಗಾಲ ಕಳೀಬೇಕಾಗ್ಬೋದು."

"ಯಾಕೇ ಹೇಳ್ಲಿಲ್ಲ?"

"ನೀವು ಅಷ್ಟು ಖುಷಿಯಾಗಿದ್ರಿ."

ಮಲಾನ್ ಗರಕ್ಕನೆ ತಿರುಗಿದಳು. "ನನ್ನ ಖುಷೀನ ಕಾಯ್ಕೊಂಡಿರು ಅಂತ ನಿಂಗ್ಯಾರೇ ಹೇಳಿದ್ದು! ನಾನೇನು ಮಗೂನಾ?"

ಸುನ್ವಾ ಮೇಜು ಹಿಡಿದು ಎದ್ದಳು. ಬಟ್ಟಲುಗಳನ್ನಾದರೂ ತೊಳೆದುಕೊಡೋಣವೆಂದುಕೊಂಡಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಬಲಗಾಲು ಕೈಕೊಟ್ಟಿತು. ಅವಳು ಬೀಳಲಿಲ್ಲ, ಕಪಾಟು ಹಿಡಿದು ನಿಧಾನವಾಗಿ ಕುಸಿದು, ನೆಲದ ಮೇಲೆ ಮಗ್ಗುಲಾಗಿ ಮಂಡಿ ಮಡಿಸಿ ಮಲಗಿದಳು. ಇಷ್ಟು ತಿಂಗಳು ಹಲ್ಲು ಕಚ್ಚಿ ಹಿಡಿದಿದ್ದ ದನಿ ತಾನಾಗಿ ಹೊರಬಂತು, ಕರು ಹಾಕುವ ಹಸುವಿನ ದನಿ. ನಾಚಿಕೆಯಾಯಿತು. ನಿಲ್ಲಿಸಲು ಆಗಲಿಲ್ಲ.

ಮಲಾನ್ ಯಾರನ್ನೂ ಕರೆಯಲಿಲ್ಲ. ಏನನ್ನೂ ಕುಡಿ ಅನ್ನಲಿಲ್ಲ. ಕುರ್ಚಿಯ ಬೆನ್ನು ಹಿಡಿದು, ಸವೆದ ಮಂಡಿಗಳನ್ನು ಒಂದೊಂದಾಗಿ ಮಡಿಸಿ, ಉಸ್ಸೆನ್ನುತ್ತಾ ನೆಲಕ್ಕೆ ಕೂತಳು. ಸೊಸೆಯ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಬೆವರಿದ ಹಣೆಗೆ ಅಂಟಿದ್ದ ಕೂದಲು ಸರಿಸಿದಳು.

ಸೊಸೆಯ ನರಳಾಟ ತಗ್ಗಿದ ಮೇಲೆ ಅಂದಳು: "ನಾನೂ ಕೂತ್ಬಿಟ್ನಲ್ಲೇ. ಈಗ ನನ್ನ ಎಬ್ಬಿಸೋರ್ಯಾರು?"

ಸುನ್ವಾಳಿಗೆ ನಗು ಬಂತು. ನಕ್ಕರೆ ಇನ್ನೂ ನೋಯುತ್ತಿತ್ತು.

ಒಲೆಯ ಮೇಲೆ ನೀರು ಕುದಿಯತೊಡಗಿತು. ಮುಚ್ಚಳ ತಟತಟನೆ ಕುಣಿಯಿತು. ನೀರು ಉಕ್ಕಿ ಕಾದ ಒಲೆಯ ಮೇಲೆ ಚುಯ್ಯೆಂದು ಸುರಿಯಿತು. ಇಬ್ಬರೂ ತಲೆಯೆತ್ತಿ ಅದನ್ನೇ ನೋಡುತ್ತಾ ನೆಲದ ಮೇಲೇ ಇದ್ದರು. ಕಿಟಕಿಯ ಗಾಜು ಆವಿ ಹತ್ತಿ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಬೆಳ್ಳಗಾಗುತ್ತಿತ್ತು.